ಹಳೇ ಬೋಟಿನ ತಳದಲ್ಲಿ ತೂತು ಕೊರೆದು ಎಂಜಿನ್ನಿಗೆ ನೀರು ಕೊಟ್ಟೆ

ನನ್ನದು ಹಳೇ ಸ್ಟರ್ನ್‌ಡ್ರೈವ್ ಬೋಟ್, ಅಂದರೆ ಎಂಜಿನ್ ಒಳಗೆ, ಪ್ರೊಪೆಲರ್ ತಿರುಗಿಸುವ ಔಟ್‌ಡ್ರೈವ್ ಹಿಂಗೋಡೆಯ ಹೊರಗೆ; ವಿ8 ಎಂಜಿನ್. ನಿಧಾನವಾಗಿ ಹೋದರೆ ಏನೂ ತಕರಾರಿಲ್ಲ. ಬೋಟ್ ನೀರಿನಿಂದ ಮೇಲೆದ್ದು ಓಡತೊಡಗಿದರೆ ಮಾತ್ರ ಟೆಂಪರೇಚರ್ ಮುಳ್ಳು ಏರುತ್ತಿತ್ತು. ವೇಗ ಇಳಿಸಿದರೆ ಮತ್ತೆ ಕೆಳಗೆ. ಇಂಪೆಲರ್ (ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರ) ಹೊಸದು, ಥರ್ಮೋಸ್ಟಾಟ್ ಹೊಸದು, ಹೊಗೆ ಹೋಗುವ ಬಾಗಿದ ಕೊಳವೆ, ಎಕ್ಸಾಸ್ಟ್ ಎಲ್ಬೋ, ಬಿಚ್ಚಿ ನೋಡಿದರೆ ಅದೂ ಸ್ವಚ್ಛ.

ಇಂಥ ಬೋಟಿನಲ್ಲಿ ಎಂಜಿನ್ ತಂಪಾಗಿಸುವ ಹೊರನೀರು ಬರುವ ದಾರಿ ನೋಡಿದರೆ ಅಯ್ಯೋ ಅನ್ನಿಸುತ್ತದೆ. ಔಟ್‌ಡ್ರೈವ್‌ನ ಕೆಳಭಾಗದ ಸಣ್ಣ ಸೀಳುಗಳಿಂದ ಒಳಗೆ ಬರಬೇಕು, ಡ್ರೈವ್‌ನೊಳಗಿನ ಇಕ್ಕಟ್ಟಿನಲ್ಲಿ ಮೇಲೇರಬೇಕು, ಎರಡು ಮೂರು ಕಡೆ ತಿರುಗಬೇಕು, ಒಂದು ರಬ್ಬರ್ ಹೋಸ್ ಹಾದು ಬೋಟಿನ ಹಿಂಗೋಡೆ ದಾಟಬೇಕು. ಆಮೇಲೆ ಎಂಜಿನ್ನಿನ ಮುಂದಿರುವ ಪಂಪ್. ವರ್ಷಗಟ್ಟಲೆ ಉಪ್ಪು ನೀರು ಕುಡಿದ ಅಲ್ಯೂಮಿನಿಯಂ ಒಳಗೊಳಗೇ ಉಬ್ಬಿ ಆ ದಾರಿ ಇನ್ನೂ ಕಿರಿದಾಗಿರುತ್ತದೆ. ಪಂಪ್ ಎಷ್ಟೇ ಚೆನ್ನಾಗಿದ್ದರೂ ಬಾರದ ನೀರನ್ನು ತಳ್ಳಲಾರದು.

ಆದರೂ ಅನುಮಾನದ ಮೇಲೆ ತೂತು ಕೊರೆಯುವ ಹಾಗಿಲ್ಲ, ಅಲ್ವಾ? ಪಂಪಿನ ಮುಂಚೆ ಒಂದು ತುಂಡು ಪಾರದರ್ಶಕ ಹೋಸ್ ಮತ್ತು ವ್ಯಾಕ್ಯೂಮ್ ಗೇಜ್ ಕೂರಿಸಿ ಓಡಿಸಿದೆ. ಆರ್‌ಪಿಎಂ ಏರಿದ ಹಾಗೆ ಗೇಜ್ ಕೂಡ ಸರ್ರನೆ ಏರಿತು. ಹೋಸಿನಲ್ಲಿ ನೀರಿನ ಜೊತೆ ಗುಳ್ಳೆಗಳ ಸಾಲು. ಅಂದರೆ ಪಂಪ್ ಜೋರಾಗಿ ಎಳೆಯುತ್ತಿದೆ, ನೀರು ಸಾಲದೆ ಎಲ್ಲೋ ಸಂದಿನಿಂದ ಗಾಳಿ ಬರುತ್ತಿದೆ. ತೂತು ಬಿದ್ದ ಸ್ಟ್ರಾದಲ್ಲಿ ಹೀರಿದ ಹಾಗೆ. ಅಲ್ಲಿಗೆ ತೀರ್ಮಾನವಾಯಿತು: ಡ್ರೈವ್‌ನ ದಾರಿ ಬಿಟ್ಟು, ಬೋಟಿನ ತಳದಿಂದಲೇ ನೇರ ನೀರು.

ಒಂದು ಮಾತು. ಕೆಲವು ಡ್ರೈವ್‌ಗಳಲ್ಲಿ ನೀರಿನ ಪಂಪ್ ಎಂಜಿನ್ ಮೇಲಿರುವುದಿಲ್ಲ, ಡ್ರೈವ್‌ನ ಒಳಗೇ ಇರುತ್ತದೆ. ಅಂಥದ್ದಕ್ಕೆ ಸುಮ್ನೆ ತಳದಲ್ಲಿ ತೂತು ಕೊರೆದರೆ ಆಗದು. ಎಂಜಿನ್ನಿಂದ ತಿರುಗುವ ಪಂಪ್ ಬೇರೆ ಹಾಕಬೇಕು.

ನಾನು ಜಾಸ್ತಿ ಹೊತ್ತು ಕಳೆದದ್ದು ಕೊರೆಯುವುದರಲ್ಲಲ್ಲ, ಎಲ್ಲಿ ಕೊರೆಯುವುದು ಅಂತ ನೋಡುವುದರಲ್ಲಿ. ವೇಗದಲ್ಲಿ ಬೋಟಿನ ಮುಂಭಾಗ ನೀರು ಬಿಟ್ಟು ಮೇಲೇಳುತ್ತದೆ. ಹಾಗಾಗಿ ತೂತು ಹಿಂದೆ ಇರಬೇಕು, ಆದಷ್ಟು ತಗ್ಗಿನಲ್ಲೂ ಇರಬೇಕು. ಆದರೆ ಪ್ರೊಪೆಲರಿನ ನೇರ ಮುಂದೆ ಬೇಡ, ಅಲ್ಲಿ ನೀರು ಕಲಕಿದರೆ ಪ್ರೊಪೆಲರ್ ಹಿಡಿತ ಬಿಡುತ್ತದೆ. ತಳದುದ್ದಕ್ಕೂ ಹೋಗುವ ಏಣುಗಳ ಹಿಂದೆಯೂ ಬೇಡ, ಅಲ್ಲಿ ನೊರೆ. ನೀರಿನ ಆಳ ಅಳೆಯುವ ಡೆಪ್ತ್ ಸೌಂಡರಿನ ಮುಂದೆ ಬೇಡ. ಟ್ರೈಲರಿನ ರೋಲರ್ ತಾಗುವ ಜಾಗವೂ ಬೇಡ. ಇಷ್ಟೆಲ್ಲ ಕಳೆದು ಉಳಿದ ಜಾಗಕ್ಕೆ ಒಳಗಿನಿಂದ ಕೈ ಹೋಗಬೇಕು, ಸೀಕಾಕ್‌ನ (ತಳದ ತೂತನ್ನು ಒಳಗಿನಿಂದ ತೆರೆದು ಮುಚ್ಚುವ ವಾಲ್ವ್) ಹಿಡಿ ಪೂರ್ತಿ ತಿರುಗಬೇಕು. ಕೊನೆಗೆ ನನಗೆ ಸಿಕ್ಕಿದ್ದು ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ, ತಳಕ್ಕೆ ಬಲ ಕೊಡುವ ಎರಡು ಉದ್ದದ ತೊಲೆಗಳ (ಸ್ಟ್ರಿಂಜರ್) ನಡುವೆ ಒಂದು ಅಂಗೈಯಷ್ಟು ಜಾಗ.

ಪಂಪಿನ ಒಳದಾರಿ ಒಂದೂಕಾಲು ಇಂಚು, ಹಾಗಾಗಿ ಥ್ರೂ-ಹಲ್ (ತೂತಿನೊಳಗೆ ಕೂರುವ ಕೊಳವೆಯ ಫಿಟ್ಟಿಂಗ್) ಕೂಡ ಒಂದೂಕಾಲು ಇಂಚಿನದೇ. ಅದಕ್ಕಿಂತ ಸಣ್ಣದು ಹಾಕಿದರೆ ಇಷ್ಟು ಕಷ್ಟಪಟ್ಟದ್ದೇ ದಂಡ. ಆದರೆ ಒಂದೂಕಾಲು ಇಂಚಿನ ಫಿಟ್ಟಿಂಗಿನ ಹೊರಮೈ 42 ಮಿ.ಮೀ. ಇರುತ್ತದೆ. ಹೋಲ್ ಸಾ (ದುಂಡಗೆ ತೂತು ಕೊರೆಯುವ ಗರಗಸ) ತರುವ ಮೊದಲು ಫಿಟ್ಟಿಂಗ್ ಕೈಯಲ್ಲಿ ಹಿಡಿದು ಅಳೆಯಿರಿ.

ಮೊದಲು ಒಳಗಿನಿಂದ ಸಣ್ಣ ಡ್ರಿಲ್ಲಿನಲ್ಲಿ ಒಂದು ತೂತು, ಜಾಗ ಸರಿಯಿದೆಯಾ ಅಂತ ಹೊರಗೆ ಬಂದು ನೋಡುವುದಕ್ಕೆ. ಆಮೇಲೆ ಹೊರಗಿನಿಂದ ಹೋಲ್ ಸಾ. ಒಳಗಿನಿಂದ ಕೊರೆದು ಹೊರಗೆ ತೆಗೆದರೆ ಹೊರಮೈಯ ನುಣುಪು ಪದರ, ಜೆಲ್‌ಕೋಟ್, ಚಕ್ಕೆಚಕ್ಕೆಯಾಗಿ ಏಳುತ್ತದೆ. ಹೊರಬಂದ ಬಿಲ್ಲೆಯನ್ನು ಬೆಳಕಿಗೆ ಹಿಡಿದು ಅಂಚು ನೋಡಿದೆ: ಉದ್ದಕ್ಕೂ ಫೈಬರಿನ ಪದರ, ನಡುವೆ ಮರವೂ ಇಲ್ಲ, ಫೋಮೂ ಇಲ್ಲ. ಸಮಾಧಾನವಾಯಿತು. ನಡುವೆ ಮರದ ಕೋರ್ ಇದ್ದಿದ್ದರೆ ತೂತಿನ ಸುತ್ತ ಅದನ್ನು ಕೆರೆದು ತೆಗೆದು, ಮಂದ ಮಾಡಿದ ಎಪಾಕ್ಸಿ ಅಂಟು ತುಂಬಿ, ಒಣಗಿದ ಮೇಲೆ ಮತ್ತೆ ಕೊರೆಯಬೇಕಿತ್ತು. ಇಲ್ಲದಿದ್ದರೆ ಕೋರ್ ನೀರು ಹೀರಿ ಕೊಳೆಯುತ್ತದೆ.

ಈ ಫಿಟ್ಟಿಂಗಿಗೆ ಹಿತ್ತಾಳೆ ಬೇಡ. ಉಪ್ಪು ನೀರಿನಲ್ಲಿ ಅದರ ಸತು ಕರಗಿ ಹೋಗಿ ಉಳಿಯುವುದು ಪುಡಿಪುಡಿಯಾಗುವ ತಾಮ್ರ. ಕಂಚಿನದೇ ತಗೊಂಡೆ. ಥ್ರೂ-ಹಲ್ ಮೇಲೆ ಸಾಮಾನ್ಯ ಬಾಲ್ ವಾಲ್ವ್ ತಿರುಗಿಸಿ ಕೂರಿಸುವ ರೂಢಿ ಕೆಲವರಿಗಿದೆ. ನನಗದು ಒಪ್ಪಿಗೆಯಿಲ್ಲ. ಥ್ರೂ-ಹಲ್‌ನ ಥ್ರೆಡ್ ನೇರ, ಅಂಥ ವಾಲ್ವಿನದು ಒಳಹೋದಂತೆ ಕಿರಿದಾಗುವಂಥದ್ದು. ಕೆಲವೇ ಸುತ್ತಿಗೆ ಬಿಗಿಯಾಗಿ ನಿಂತುಬಿಡುತ್ತದೆ, ಕೂತಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಅದಕ್ಕೇ ಅಗಲ ಪಾದವಿರುವ, ಬೋಲ್ಟ್ ಹಾಕುವ ಸೀಕಾಕ್ ತಂದೆ. ಬೋಟುಗಳಿಗೆ ಸುರಕ್ಷತಾ ಮಾನದಂಡ ಮಾಡುವ ಅಮೆರಿಕದ ಸಂಸ್ಥೆ ಎಬಿವೈಸಿ ಪ್ರಕಾರ ಜೋಡಿಸಿದ ಸೀಕಾಕ್‌ನ ಒಳತುದಿ 500 ಪೌಂಡ್, ಅಂದರೆ ಸುಮಾರು 227 ಕೆ.ಜಿ. ಒತ್ತಡವನ್ನು 30 ಸೆಕೆಂಡ್ ತಡೆಯಬೇಕು. ಅತಿಯಾಯ್ತು ಅನ್ನಿಸಬಹುದು. ಆದರೆ ಅಲೆಯಲ್ಲಿ ಆಯತಪ್ಪಿದ ಮನುಷ್ಯ ಅದರ ಮೇಲೇ ಕಾಲಿಡುವುದು. ಇನ್ನೊಂದು ಲೆಕ್ಕ ಹೇಳುತ್ತೇನೆ: ನೀರಿನ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗೆ 32 ಮಿ.ಮೀ. ತೂತು ಬಾಯಿಬಿಟ್ಟರೆ ನಿಮಿಷಕ್ಕೆ ಸುಮಾರು 90 ಲೀಟರ್ ಒಳಗೆ ಬರುತ್ತದೆ. ಗಂಟೆಗೆ 500 ಗ್ಯಾಲನ್ ಅಂತ ಬರೆದಿರುವ ಬಿಲ್ಜ್ ಪಂಪ್ (ಬೋಟಿನೊಳಗೆ ಸೇರಿದ ನೀರು ಖಾಲಿ ಮಾಡುವ ಪಂಪ್) ಹೊರಹಾಕುವುದು ಹೆಚ್ಚೆಂದರೆ ನಿಮಿಷಕ್ಕೆ 32 ಲೀಟರ್.

ತಳ ಓರೆಯಾಗಿತ್ತು, ಹಾಗಾಗಿ ಸೀಕಾಕ್ ಕೆಳಗಿನ ಫೈಬರ್ ಹಲಗೆಯನ್ನು ಉಜ್ಜಿ ಉಜ್ಜಿ ಹೊಂದಿಸಿದೆ. ಎಲ್ಲವನ್ನೂ ಒಣಗಿದ ಹಾಗೇ ಒಮ್ಮೆ ಜೋಡಿಸಿ, ಬಿಚ್ಚಿ, ಆಮೇಲೆ ನೀರಿನಡಿ ಹಾಕುವ ಪಾಲಿಯುರೆಥೇನ್ ಸೀಲಂಟ್ ಧಾರಾಳವಾಗಿ ಬಳಿದೆ. ಸುತ್ತಲೂ ಒಂದೇ ಸಮನೆ ಉಕ್ಕಿ ಬಂದರೆ ಸಾಕು. ಪೂರ್ತಿ ಅಂಟಿಕೊಂಡು ಮುಂದೆಂದೂ ಬಿಡದ ಬಗೆಯ ಸೀಲಂಟ್ ಬೇಡ ಅಂತ ನನ್ನ ಅಭಿಪ್ರಾಯ. ಯಾವತ್ತಾದರೂ ಇದನ್ನು ಬಿಚ್ಚಲೇಬೇಕಾಗುತ್ತದೆ.

ಹೊರಗಡೆ ಜಾಲರಿ ಸ್ಕೂಪ್, ಬಾಯಿ ಮುಂದಕ್ಕೆ. ವೇಗದಲ್ಲಿ ನೀರು ತಾನಾಗಿ ನುಗ್ಗುತ್ತದೆ. ಇದರಿಂದ ಒಂದು ಅಪಾಯವೂ ಇದೆ. ಎಂಜಿನ್ ನಿಂತಿರುವಾಗ ಇನ್ನೊಂದು ಬೋಟ್ ನಮ್ಮನ್ನು ಎಳೆದುಕೊಂಡು ಹೋದರೆ ಅದೇ ನೀರು ಎಕ್ಸಾಸ್ಟ್ ತುಂಬಿ ಸಿಲಿಂಡರಿಗೂ ಹೋಗಬಹುದು. ಹಾಗಾಗಿ ಎಳೆಸಿಕೊಳ್ಳುವಾಗ ಸೀಕಾಕ್ ಮುಚ್ಚಿರಬೇಕು.

ಸೀಕಾಕ್‌ನಿಂದ ಕಸ ಸೋಸುವ ಸ್ಟ್ರೈನರ್, ಅಲ್ಲಿಂದ ಪಂಪ್. ಹೋಸ್ ತಂತಿ ಸುತ್ತಿದ್ದೇ ಆಗಬೇಕು, ಸಾದಾ ಹೋಸ್ ಎಳೆತಕ್ಕೆ ಒಳಗೆ ಕುಗ್ಗಿ ಅಂಟಿಕೊಳ್ಳುತ್ತದೆ. ಪ್ರತಿ ತುದಿಗೂ ಎರಡು ಸ್ಟೇನ್‌ಲೆಸ್ ಕ್ಲಾಂಪ್. ಸ್ಟ್ರೈನರಿನ ಮುಚ್ಚಳ ನೀರಿನ ಮಟ್ಟಕ್ಕಿಂತ ಮೇಲೆ ಬರುವ ಹಾಗೆ ಕೂರಿಸಿದೆ. ಅದರ ರಬ್ಬರ್ ರಿಂಗ್ ಮೇಲೆ ಒಂದು ಕೂದಲು ಸಿಕ್ಕಿದರೂ ಅಲ್ಲಿಂದ ಗಾಳಿ ಎಳೆಯುತ್ತದೆ. ಅದಕ್ಕೇ ಬುಟ್ಟಿ ತೊಳೆದಾಗಲೆಲ್ಲ ರಿಂಗ್ ಒರೆಸಿ ಗ್ರೀಸ್ ಸವರುತ್ತೇನೆ.

ಡ್ರೈವ್‌ನ ಹಳೇ ದಾರಿಗೆ ಒಳಗಿನಿಂದ ಸರಿಯಾಗಿ ಬಿರಡೆ ಹಾಕಿದ್ದಾಯಿತು. ಇನ್ನು ಮುಂದೆ ಡ್ರೈವ್‌ಗೆ ರಬ್ಬರ್ ಬಟ್ಟಲು ಹಚ್ಚಿ ನೀರು ಬಿಟ್ಟರೆ ಎಂಜಿನ್ನಿಗೆ ಒಂದು ಹನಿಯೂ ಹೋಗುವುದಿಲ್ಲ. ಇದನ್ನು ಮರೆತರೆ ಒಣ ಇಂಪೆಲರ್ ಸ್ವಲ್ಪ ಹೊತ್ತಿನಲ್ಲೇ ಹರಿದು ಚಿಂದಿಯಾಗುತ್ತದೆ. ತೊಳೆಯಲಿಕ್ಕೆ ಅಂತ ಸೀಕಾಕ್ ಮತ್ತು ಸ್ಟ್ರೈನರ್ ನಡುವೆ ಒಂದು ಟೀ (T ಆಕಾರದ ಕವಲು ಕೊಳವೆ) ಹಾಕಿ ಮುಚ್ಚಳ ಕೊಟ್ಟೆ.

ನೀರಿಗಿಳಿಸಿದಾಗ ಎಂಜಿನ್ ಶುರು ಮಾಡುವ ಮೊದಲು ಸೀಕಾಕ್ ಸುತ್ತ ಟಿಶ್ಯೂ ಕಾಗದ ಒತ್ತಿ ನೋಡಿದೆ, ಒಣಗಿಯೇ ಇತ್ತು. ಆಮೇಲೆ ಅದೇ ಗೇಜ್, ಅದೇ ಪಾರದರ್ಶಕ ಹೋಸ್ ಹಾಕಿ ಪೂರ್ತಿ ವೇಗಕ್ಕೆ ಬಿಟ್ಟೆ. ಗುಳ್ಳೆಯಿಲ್ಲ, ಗೇಜ್ ಅಷ್ಟಾಗಿ ಏರಲಿಲ್ಲ, ಟೆಂಪರೇಚರ್ 71 ಡಿಗ್ರಿಯ ಥರ್ಮೋಸ್ಟಾಟ್ ಹತ್ತಿರವೇ ನಿಂತಿತು. ಬೋಟ್ ಕಟ್ಟಿ ಹೋಗುವಾಗ ಸೀಕಾಕ್ ಮುಚ್ಚಿ ಎಂಜಿನ್ ಕೀಲಿಯನ್ನು ಅದರ ಹಿಡಿಗೇ ನೇತುಹಾಕುತ್ತೇನೆ. ಸೀಕಾಕ್ ತೆರೆಯದೆ ಎಂಜಿನ್ ಶುರು ಮಾಡುವ ಪ್ರಶ್ನೆಯೇ ಬರುವುದಿಲ್ಲ.