ಟರ್ಕಿ-ಬೇಕನ್ ಸ್ಲೈಡರ್: ಚೀಸ್ ಸಾಸ್ ಒಳಗೇ ಇರಲಿ, ಬನ್ ಒದ್ದೆಯಾಗದಿರಲಿ

ಸ್ಲೈಡರ್ ಅಂದರೆ ಕೈಯಲ್ಲಿ ಹಿಡಿದು ತಿನ್ನುವ ಪುಟ್ಟ ಬನ್ ಸ್ಯಾಂಡ್‌ವಿಚ್. ಅದರ ಒಳಗೆ ಚೀಸ್ ಸಾಸ್ ಹಾಕಿ ಬೇಕ್ ಮಾಡ್ತೀನಿ ಅಂದರೆ ಅಡುಗೆ ಬಲ್ಲವರು ಮುಖ ಸಿಂಡರಿಸುತ್ತಾರೆ. ಬನ್ ಮುದ್ದೆಯಾಗುತ್ತೆ, ಸಾಸ್ ಬೇರೆ ಬಟ್ಟಲಲ್ಲಿಡಿ, ಇಲ್ಲಾಂದ್ರೆ ಸುಮ್ನೆ ಚೀಸ್ ಸ್ಲೈಸ್ ಹಾಕಿ ಮುಗಿಸಿ. ಪಾರ್ಟಿಗಳಿಗೆ ಅಡುಗೆ ಮಾಡಿಕೊಡುವ ನನ್ನ ಜೊತೆಯವರೂ ಇದನ್ನೇ ಹೇಳಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೊದಮೊದಲ ಟ್ರೇಗಳೆಲ್ಲ ಮೇಲೆ ಹೊಂಬಣ್ಣ, ಕೆಳಗೆ ಅಂಟು. ಎತ್ತಿದರೆ ತಳದ ಬನ್ ಟ್ರೇಯಲ್ಲೇ ಉಳಿಯುತ್ತಿತ್ತು.

ಆದರೂ ಹಟ ಬಿಡಲಿಲ್ಲ. ಕಾರಣ ಇದೆ. ಪಾರ್ಟಿಯಲ್ಲಿ ಜನರ ಒಂದು ಕೈಯಲ್ಲಿ ಗ್ಲಾಸ್ ಇರುತ್ತದೆ. ಇನ್ನೊಂದು ಕೈಯಲ್ಲಿ ಸ್ಲೈಡರ್ ಹಿಡಿದು, ಬಟ್ಟಲು ಹುಡುಕಿ, ಅದ್ದಿ ತಿನ್ನುವವರು ಕಡಿಮೆ. ಬಟ್ಟಲಲ್ಲಿಟ್ಟ ಸಾಸ್ ಸ್ವಲ್ಪ ಹೊತ್ತಿಗೇ ಕೆನೆಗಟ್ಟುತ್ತದೆ. ಕೊನೆಗೆ ಅರ್ಧಕ್ಕಿಂತ ಜಾಸ್ತಿ ಚರಂಡಿಗೆ. ಆ ಚೀಸಿಗೆ ದುಡ್ಡು ಕೊಟ್ಟವರು ನಾವೇ ಅಲ್ವಾ?

ದಾರಿ ತೋರಿಸಿದ್ದು ಹಳೆಯದೊಂದು ತಿನಿಸು. ಅಮೆರಿಕದ ಲೂಯಿವಿಲ್‌ನ ಬ್ರೌನ್ ಹೋಟೆಲಿನಲ್ಲಿ 1926ರಲ್ಲಿ ಫ್ರೆಡ್ ಶ್ಮಿಟ್ ಎಂಬ ಶೆಫ್ ಮಾಡಿದ 'ಹಾಟ್ ಬ್ರೌನ್'. ರಾತ್ರಿ ಕುಣಿದು ದಣಿದು ಬಂದವರಿಗಾಗಿ ಹುಟ್ಟಿದ್ದು. ಬ್ರೆಡ್, ಮೇಲೆ ಟರ್ಕಿ ಕೋಳಿಯ ಮಾಂಸ, ಮೇಲೆ ಮಾರ್ನೇ ಸಾಸ್ (ಬೆಣ್ಣೆ, ಮೈದಾ, ಹಾಲಿನ ಸಾಸಿಗೆ ಚೀಸ್ ಬೆರೆಸಿದ್ದು), ಬೇಕನ್ (ಉಪ್ಪಿನಲ್ಲಿ ಹದ ಮಾಡಿದ ಹಂದಿಮಾಂಸದ ತೆಳು ಪಟ್ಟಿ), ಟೊಮೇಟೊ. ಅದಕ್ಕೆ ಮುಚ್ಚಳದ ಬ್ರೆಡ್ ಇಲ್ಲ. ತೆರೆದೇ ಇಟ್ಟು ಮೇಲಿನ ಉರಿಯಲ್ಲಿ ಸಾಸ್ ಕೆಂಪಗಾಗುವವರೆಗೆ ಕಾಯಿಸುತ್ತಾರೆ. ನನಗೆ ಹೊಳೆದದ್ದು ಇಲ್ಲೇ. ನಾವು ಸ್ಲೈಡರ್ ಟ್ರೇಗೆ ಮೊದಲಿಂದ ಕೊನೆವರೆಗೆ ಫಾಯಿಲ್ ಮುಚ್ಚುತ್ತೇವೆ. ಹಬೆ ಹೊರಗೆ ಹೋಗುವುದಿಲ್ಲ, ಬನ್ನಿಗೇ ಇಳಿಯುತ್ತದೆ. ತಪ್ಪು ಸಾಸಿನದ್ದಲ್ಲ, ಮುಚ್ಚಳದ್ದು.

ಅದಷ್ಟೇ ಸಾಕಾಗಲಿಲ್ಲ. ಬಿಸಿ ಸಾಸ್ ಸುರಿದರೆ ಬನ್ನಿನ ಸಂದಿಗಳಿಗೆ ಇಳಿದೇ ಇಳಿಯುತ್ತದೆ. ಹಾಗಾಗಿ ಸುರಿಯುವುದನ್ನೇ ಬಿಟ್ಟೆ. ಸಾಸನ್ನು ಗಟ್ಟಿಯಾಗಿ ಮಾಡಿ, ಬೇಕಿಂಗ್ ಪೇಪರ್ ಹಾಸಿದ ಟ್ರೇಯಲ್ಲಿ ಬೆರಳಿನ ಅರ್ಧ ದಪ್ಪ ಹರಡಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ಅದು ಹಾಳೆಯ ಹಾಗೆ ಎದ್ದು ಬಂತು. ಚಾಕುವಿನಲ್ಲಿ ಟರ್ಕಿ ಪದರದ ಅಳತೆಗೆ ಕತ್ತರಿಸಿ ಮೇಲಿಟ್ಟೆ. ಓವನ್‌ನಲ್ಲಿ ಮತ್ತೆ ಕರಗಿ ಸಾಸ್ ಆಯಿತು, ಆದರೆ ಹರಿಯಲಿಲ್ಲ. ಇಷ್ಟೇ ಉಪಾಯ. ಇದನ್ನು ಹೇಳಿದಾಗ ನಕ್ಕವರು ತಿಂದ ಮೇಲೆ ಅಳತೆ ಕೇಳಿದರು.

ಅಳತೆ, ನೆನಪಿನಿಂದ: ಒಂದಕ್ಕೊಂದು ಅಂಟಿಕೊಂಡ ಹನ್ನೆರಡು ಬನ್‌ಗಳ ಒಂದು ಹಾಸಿನ ಸಾಸ್ ಹಾಳೆಗೆ 250 ಮಿಲಿ ಹಾಲು, 30 ಗ್ರಾಂ ಬೆಣ್ಣೆ, 30 ಗ್ರಾಂಗಿಂತ ತುಸು ಜಾಸ್ತಿ ಮೈದಾ, ಚೀಸ್ 120-130 ಗ್ರಾಂ. ಬಟ್ಟಲಲ್ಲಿ ಬಡಿಸುವ ಸಾಸಿಗೆ ಹೋಲಿಸಿದರೆ ಮೈದಾ ಹೆಚ್ಚು ಕಡಿಮೆ ಎರಡರಷ್ಟು. ಮೈದಾ ಹಸಿ ವಾಸನೆ ಹೋಗುವಷ್ಟು ಹುರಿಯಬೇಕು, ಕೆಂಪಾಗಬಾರದು. ಹಾಲು ಹಾಕಿದ ಮೇಲೆ ಕುದಿ ಬರಲೇಬೇಕು, ಇಲ್ಲದಿದ್ದರೆ ಹಾಳೆ ಗಟ್ಟಿಯಾಗುವುದಿಲ್ಲ. ಚೀಸ್ ಮಾತ್ರ ಉರಿ ಆರಿಸಿದ ಮೇಲೆ. ಜಾಯಿಕಾಯಿ ಚೂರು, ಬಿಳಿ ಮೆಣಸು. ಉಪ್ಪು ಬೇಡವೇ ಬೇಡ. ಟರ್ಕಿ, ಬೇಕನ್, ಚೀಸ್ ಮೂರರಲ್ಲೂ ಉಪ್ಪಿದೆ.

ಚೀಸಿನಲ್ಲಿ ಕೈ ಸುಟ್ಟುಕೊಂಡದ್ದು ಜಾಸ್ತಿ. ಚೆನ್ನಾಗಿ ಹಳತಾದ ಚೆಡ್ಡಾರ್‌ಗೆ ರುಚಿ ಇದೆ ಅಂತ ಪೂರ್ತಿ ಅದನ್ನೇ ಹಾಕಿದ ಸಲ ಓವನ್‌ನಲ್ಲಿ ಎಣ್ಣೆ ಬಿಟ್ಟು ರವೆ ರವೆಯಾಯಿತು. ಹಳೆಯ ಚೀಸ್ ನುಣ್ಣಗೆ ಕರಗುವುದಿಲ್ಲ. ಪ್ಯಾಕೆಟ್‌ನಲ್ಲಿ ತುರಿದು ಬರುವ ಚೀಸಿಗೆ ಅಂಟಿಕೊಳ್ಳದಿರಲಿ ಅಂತ ಪಿಷ್ಟವನ್ನೋ ಸೆಲ್ಯುಲೋಸನ್ನೋ ಹಚ್ಚಿರುತ್ತಾರೆ. ಸಾಸ್ ನಾಲಿಗೆಗೆ ಮರಳು ಮರಳು ಹತ್ತುತ್ತದೆ. ಗಟ್ಟಿ ತುಂಡು ತಂದು ತುರಿಯುವುದೇ ಮೇಲು. ಪೂರ್ತಿ ಗ್ರುಯೇರ್ ಹಾಕಿದ ಟ್ರೇ ಅದ್ಭುತವಾಗಿತ್ತು, ಲಾಭ ಮಾತ್ರ ಸೊನ್ನೆ. ಈಗ ಮೂರರಲ್ಲಿ ಒಂದು ಪಾಲು ಗ್ರುಯೇರ್, ಉಳಿದದ್ದು ಎಳೆಯ ಚೆಡ್ಡಾರ್, ಮೇಲೆ ಒಂದು ಹಿಡಿ ಪಾರ್ಮೆಸಾನ್. ಪಾರ್ಮೆಸಾನ್ ದುಬಾರಿಯೇ, ಆದರೆ ಸ್ವಲ್ಪದರಲ್ಲೇ ಕೆಲಸ ಮಾಡುತ್ತದೆ.

ನಡುವೆ ಸೋಡಿಯಂ ಸಿಟ್ರೇಟ್ (ಚೀಸ್ ಒಡೆಯದೆ ನುಣ್ಣಗೆ ಕರಗಲು ಹಾಕುವ ಒಂದು ಲವಣ) ಹುಚ್ಚೂ ಹತ್ತಿತ್ತು. ಮೈದಾ ಇಲ್ಲದೆ ಚೀಸ್, ಹಾಲು, ಒಂದು ಚಿಟಿಕೆ ಸಿಟ್ರೇಟ್. ಅಷ್ಟು ನುಣುಪಾದ ಸಾಸ್ ನಾನು ಮಾಡಿದ್ದೇ ಇಲ್ಲ. ಆದರೆ ಓವನ್‌ನಲ್ಲಿ ಬಿಸಿ ತಾಗಿದ್ದೇ ತಡ, ಹಿಡಿದಿಡಲು ಮೈದಾ ಇಲ್ಲದ್ದರಿಂದ ಹರಿದು ಟ್ರೇ ಸೇರಿತು. ಅದು ಚಿಪ್ಸ್ ಅದ್ದಲು ಇರಲಿ.

ಬೇಕನ್ ವಿಷಯ ಬರೆಯದೆ ಮುಗಿಯುವುದಿಲ್ಲ, ಯಾಕೆಂದರೆ ದುಡ್ಡು ಕರಗುವುದೇ ಅಲ್ಲಿ. ಒಂದು ಕೇಜಿ ಹಸಿ ಬೇಕನ್ ಗರಿಗರಿಯಾದಾಗ ಮೂರರಲ್ಲೊಂದು ಪಾಲಷ್ಟೇ ಉಳಿಯುತ್ತದೆ. ಲೆಕ್ಕ ಹಾಕುವಾಗ ಇದನ್ನು ಮರೆತವರಿಗೆ ಕೊನೆಯ ಟ್ರೇಗೆ ಬೇಕನ್ ಇರುವುದಿಲ್ಲ. ಒಟ್ಟು ಖರ್ಚನ್ನು ನೂರು ಪಾಲು ಮಾಡಿದರೆ ನನಗೆ ಬೇಕನ್ 30, ಟರ್ಕಿ 30, ಚೀಸ್ 20ರ ಆಸುಪಾಸು. ಬನ್, ಬೆಣ್ಣೆ, ಹಾಲು ಎಲ್ಲ ಉಳಿದ 20ರಲ್ಲಿ. ಹಾಗಾಗಿ ಬನ್ನಿನಲ್ಲಿ ಉಳಿಸಲು ಹೋಗುವುದು ದಡ್ಡತನ. ಉಳಿಸುವುದಿದ್ದರೆ ಟರ್ಕಿಯಲ್ಲಿ ಉಳಿಸಿ. ಹೋಳು ಮಾಡಿ ಪ್ಯಾಕ್ ಮಾಡಿದ್ದು ಎದೆಭಾಗ ತಂದು ಮನೆಯಲ್ಲೇ ಬೇಕ್ ಮಾಡುವುದಕ್ಕಿಂತ ನನಗೆ ಸುಮಾರು ಒಂದೂವರೆ ಪಟ್ಟು ಬಿತ್ತು. ಜೊತೆಗೆ ಅದರಲ್ಲಿ ನೀರು ಜಾಸ್ತಿ. ಆ ನೀರೂ ಬನ್ನಿಗೇ ಹೋಗುತ್ತದೆ.

ಬೇಕನ್ ಬಾಣಲೆಯಲ್ಲಿ ಮಾಡುವುದು ಬಿಟ್ಟು ಬಹಳ ದಿನವಾಯಿತು. ಟ್ರೇಯಲ್ಲಿ ಹರಡಿ 200 ಡಿಗ್ರಿ ಸೆಲ್ಸಿಯಸ್, ಹದಿನೈದರಿಂದ ಇಪ್ಪತ್ತು ನಿಮಿಷ. ಪೂರ್ತಿ ಗರಿಗರಿ ಮಾಡಲೇಬೇಕು, 'ಮತ್ತೆ ಓವನ್‌ಗೆ ಹೋಗುತ್ತಲ್ಲ' ಅಂತ ಅರ್ಧಕ್ಕೆ ತೆಗೆದರೆ ಕೊನೆಗೆ ಚರ್ಮದ ಪಟ್ಟಿ. ಟರ್ಕಿಯಿಂದಲೇ ಮಾಡಿದ ಬೇಕನ್ ಕೂಡ ಹಾಕಿ ನೋಡಿದೆ. ಕೊಬ್ಬು ಕಡಿಮೆ ಇರುವ ಕಾರಣ ಗರಿಗರಿಯಾಗದೆ ಒಣಗುತ್ತದೆ. ಇಳಿದ ಬೇಕನ್ ಕೊಬ್ಬನ್ನು ಎಸೆಯಬೇಡಿ. ಸಾಸಿನ ಬೆಣ್ಣೆಯಲ್ಲಿ ಒಂದು ಚಮಚದಷ್ಟನ್ನು ಅದರಿಂದ ತುಂಬಿದರೆ ಹೊಗೆಯ ಪರಿಮಳ ಬರುತ್ತದೆ. ಪೂರ್ತಿ ಅದನ್ನೇ ಹಾಕಿದಾಗ ಸಾಸ್ ಬಾಯಿಗಿಡಲಾಗದಷ್ಟು ಉಪ್ಪಾಯಿತು.

ಟರ್ಕಿ ಎದೆಭಾಗಕ್ಕೆ ಬೇಕ್ ಮಾಡುವ ಹಿಂದಿನ ರಾತ್ರಿ ಉಪ್ಪು ಸವರಿ ಫ್ರಿಜ್‌ನಲ್ಲಿಡುತ್ತೇನೆ. ನಡುವಿನ ಶಾಖ 74 ಡಿಗ್ರಿ ಮುಟ್ಟಬೇಕು. ನಾನು 70ರ ಹತ್ತಿರ ತೆಗೆದು ಫಾಯಿಲ್ ಹೊದಿಸಿ ಬಿಡುತ್ತೇನೆ, ಉಳಿದದ್ದು ತಾನೇ ಏರುತ್ತದೆ. ಥರ್ಮಾಮೀಟರ್ ತೆಗೆಯದೆ ಏರಿತೋ ಇಲ್ಲವೋ ನೋಡಿ, ಏರದಿದ್ದರೆ ಮತ್ತೆ ಓವನ್‌ಗೆ. ಪೂರ್ತಿ ತಣ್ಣಗಾದ ಮೇಲೆ ಎಳೆಗೆ ಅಡ್ಡಲಾಗಿ, ಆದಷ್ಟು ತೆಳ್ಳಗೆ ಹೋಳು. ಹನ್ನೆರಡು ಬನ್‌ಗೆ 400 ಗ್ರಾಂ ಧಾರಾಳ. ಹೋಳುಗಳನ್ನು ಪೇಪರ್ ಟವೆಲ್‌ನಲ್ಲಿ ಒತ್ತಿ ಒಣಗಿಸಿ.

ಇನ್ನು ಜೋಡಣೆ. ಬನ್‌ಗಳನ್ನು ಬಿಡಿಸದೆ ಇಡೀ ಹಾಸನ್ನು ಬ್ರೆಡ್ ಚಾಕುವಿನಿಂದ ಅಡ್ಡಕ್ಕೆ ಸೀಳಿ. ಕೆಳಭಾಗದ ಕತ್ತರಿಸಿದ ಮುಖಕ್ಕೆ ಬೆಣ್ಣೆ ಸವರಿ ಓವನ್‌ನಲ್ಲಿ ಕೆಂಪಗೆ ಮಾಡಿಕೊಳ್ಳಿ. ತಿಳಿಗೆಂಪು ಸಾಲದು, ಬೆರಳಲ್ಲಿ ತಟ್ಟಿದರೆ ಟಕ್ ಅನ್ನಬೇಕು. ಬೆಣ್ಣೆ ಬದಲು ಮೇಯನೇಸ್ ಸವರಿಯೂ ನೋಡಿದೆ. ಬಣ್ಣ ಸೊಗಸಾಗಿ ಬಂತು, ಆದರೆ ಚೀಸಿನ ಜೊತೆ ಹುಳಿ ಹೊಂದಲಿಲ್ಲ. ಆಮೇಲೆ ಟರ್ಕಿ ಎರಡು ಪದರ, ಅದರ ಮೇಲೆ ಸಾಸ್ ಹಾಳೆ. ಹಾಳೆ ಅಂಚಿನಿಂದ ಒಂದು ಬೆರಳು ಒಳಗಿರಲಿ. ಮುಚ್ಚಳ ಇಲ್ಲ, ಫಾಯಿಲ್ ಇಲ್ಲ. 175 ಡಿಗ್ರಿ, ಹನ್ನೆರಡು ನಿಮಿಷದಷ್ಟು. ಹಾಳೆಯ ಅಂಚು ಗುಂಡಗಾಗಿ, ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಬರುತ್ತದೆ. ಆಗ ಹೊರತೆಗೆದು ಬೇಕನ್ ಹಾಕಿ, ಮೇಲಿನ ಬನ್ ಮುಚ್ಚಿ, ಬೆಣ್ಣೆ ಮಿಶ್ರಣ ಸವರಿ, ಇನ್ನೊಂದು ಎಂಟು ನಿಮಿಷ. ಸಿಹಿ ಬನ್ ಆದರೆ ಕಣ್ಣಿಟ್ಟಿರಿ, ಸಕ್ಕರೆ ಬೇಗ ಕಪ್ಪಾಗುತ್ತದೆ. ಟರ್ಕಿ ಫ್ರಿಜ್‌ನಿಂದ ನೇರ ಬಂದಿದ್ದರೆ ನಡುವೆ ತಣ್ಣಗೇ ಉಳಿಯಬಹುದು, ಒಂದು ಕಡೆ ಥರ್ಮಾಮೀಟರ್ ಚುಚ್ಚಿ ನೋಡಿ. ಇಲ್ಲೂ ಲೆಕ್ಕ 74.

ಮೇಲೆ ಸವರುವ ಮಿಶ್ರಣದಲ್ಲಿ ಕರಗಿಸಿದ ಬೆಣ್ಣೆ, ಡಿಜಾನ್ ಸಾಸಿವೆ ಪೇಸ್ಟ್, ನುಣ್ಣಗೆ ತುರಿದ ಈರುಳ್ಳಿ, ಗಸಗಸೆ ಇವೆ. ಇನ್ನೂ ಎರಡು ವಸ್ತು ಇವೆ. ಅವನ್ನು ಹೇಳುವುದಿಲ್ಲ. ನನ್ನ ಟ್ರೇ ಯಾವುದು ಅಂತ ಜನ ಗುರುತಿಸುವುದೇ ಅದರಿಂದ. ಸಾಸ್ ಹಾಳೆ ಪೇಪರಿಗೆ ಅಂಟದೆ ಏಳಲು ನಾನು ಮಾಡುವ ಸಣ್ಣ ಕೆಲಸವೂ ಒಂದಿದೆ, ಅದನ್ನು ನೀವೇ ಕಂಡುಕೊಳ್ಳಿ. ಕಷ್ಟವೇನಲ್ಲ.

ಟೊಮೇಟೊ ಬಗ್ಗೆ ಯಾವಾಗಲೂ ಕೇಳುತ್ತಾರೆ. ಹಾಟ್ ಬ್ರೌನ್‌ನಲ್ಲಿ ಇದೆ, ನಿಜ. ಆದರೆ ಅದನ್ನು ತಟ್ಟೆಯಲ್ಲಿಟ್ಟು ಫೋರ್ಕ್‌ನಿಂದ ತಿನ್ನುತ್ತಾರೆ. ಇಲ್ಲಿ ಒಳಗೆ ಹಾಕಿದರೆ ಬೀಜ ತೆಗೆದು, ಉಪ್ಪು ಹಾಕಿ ನೀರಿಳಿಸಿದರೂ ತಳ ಕೆಡುತ್ತದೆ. ಕಡಿಮೆ ಉರಿಯಲ್ಲಿ ಗಂಟೆಗಟ್ಟಲೆ ಒಣಗಿಸಿದ ಟೊಮೇಟೊ ಚೆನ್ನಾಗಿ ಕೂರುತ್ತದೆ. ಅಷ್ಟು ಹೊತ್ತು ಓವನ್ ಉರಿಸಿದ ಖರ್ಚು ಗಿಟ್ಟುವುದಿಲ್ಲ, ಮನೆಯವರಿಗೆ ಮಾತ್ರ ಮಾಡುತ್ತೇನೆ.

ಜೋಡಿಸಿ ಫ್ರೀಜ್ ಮಾಡುವುದು ಆಗದ ಮಾತು. ಕರಗುವಾಗ ಸಾಸ್ ನೀರು ಬಿಡುತ್ತದೆ. ಸಾಸ್ ಹಾಳೆ ಎರಡು ದಿನ ಮೊದಲೇ, ಟರ್ಕಿ ಹಿಂದಿನ ದಿನ, ಬೇಕನ್ ಅದೇ ಬೆಳಿಗ್ಗೆ. ಈ ಕ್ರಮದಲ್ಲಿ ಮಾಡಿದರೆ ಪಾರ್ಟಿ ಹೊತ್ತಿಗೆ ಜೋಡಿಸುವುದಷ್ಟೇ ಕೆಲಸ.

ಓವನ್‌ನಿಂದ ತೆಗೆದು ಐದು ನಿಮಿಷ ಬಿಟ್ಟು ಕತ್ತರಿಸಿ, ಅವಸರ ಮಾಡಿದರೆ ಸಾಸ್ ಚಾಕುವಿನ ಜೊತೆ ಬರುತ್ತದೆ. ಮೇಜಿನ ಮೇಲೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ. ಜನ ಜಾಸ್ತಿ ಇದ್ದರೆ ಎಲ್ಲ ಟ್ರೇ ಒಟ್ಟಿಗೆ ಹಾಕಬೇಡಿ. ಸಣ್ಣ ಓವನ್‌ನಲ್ಲಿ ಎರಡು ಟ್ರೇ ಹಾಕಿದರೆ ಮತ್ತೆ ಅದೇ ಹಬೆ, ಅದೇ ಒದ್ದೆ ತಳ. ನಾನು ಇಪ್ಪತ್ತೈದು ನಿಮಿಷಕ್ಕೊಂದರಂತೆ ಬಿಡುತ್ತೇನೆ. ಮೊದಲ ಟ್ರೇ ಖಾಲಿಯಾಗಿ ಜನ ಅಡುಗೆಮನೆ ಕಡೆ ಇಣುಕುವ ಹೊತ್ತಿಗೆ ಎರಡನೆಯದು ಬಂದಿರುತ್ತದೆ.