ಹೊಟ್ಟೆಯಲ್ಲಿದ್ದ ದಿನಗಳ ಬಗ್ಗೆಯೂ ನಾನು ಕೇಳುತ್ತೇನೆ

ಕೌನ್ಸೆಲಿಂಗ್‌ಗೆ ಹೊಸದಾಗಿ ಬಂದವರ ಹತ್ತಿರ ಬಾಲ್ಯ, ಓದು, ಮದುವೆ, ಕೆಲಸ ಎಲ್ಲ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಇಡುತ್ತೇನೆ: "ನೀವು ಅಮ್ಮನ ಹೊಟ್ಟೆಯಲ್ಲಿದ್ದಾಗ ಮನೆಯಲ್ಲಿ ಏನು ನಡೀತಿತ್ತು?" ತುಂಬಾ ಜನ "ಅದು ನನಗೆ ಹೇಗೆ ಗೊತ್ತಿರುತ್ತೆ?" ಅಂತಾರೆ. ಅಮ್ಮನನ್ನೋ ದೊಡ್ಡಮ್ಮನನ್ನೋ ಕೇಳಿಕೊಂಡು ಬನ್ನಿ ಅನ್ನುತ್ತೇನೆ. ಬಸುರಿಯನ್ನು ತವರಿಗೆ ಕರೆದೊಯ್ದರಾ, ಸೀಮಂತ ಆಯ್ತಾ, ಆ ವರ್ಷ ಮನೆಯಲ್ಲಿ ಸಾವು, ಸಾಲ, ಜಗಳ ಏನಾದರೂ ಇತ್ತಾ, ಗಂಡೇ ಆಗಬೇಕು ಅನ್ನುವ ಮಾತು ಎಷ್ಟು ಜೋರಾಗಿತ್ತು. ಇಷ್ಟು ಸಾಕು.

ಗರ್ಭದ ನೆನಪಿಗೆ ಕರೆದುಕೊಂಡು ಹೋಗ್ತೀರಾ ಅಂತ ಕೇಳಿಕೊಂಡು ಬರುವವರೂ ಇದ್ದಾರೆ. ಅದನ್ನು ನಾನು ಮಾಡಲ್ಲ. ಎರಡು ವರ್ಷದ ಮಗುವಾಗಿದ್ದಾಗ ನಡೆದದ್ದೇ ದೊಡ್ಡವರಾದ ಮೇಲೆ ನೆನಪಿರಲ್ಲ. ಸಮ್ಮೋಹನದಲ್ಲಿ 'ಕಂಡದ್ದು' ಎಷ್ಟೋ ಸಲ ಕೇಳುವವರ ಪ್ರಶ್ನೆಯಿಂದಲೇ ಹುಟ್ಟಿರುತ್ತದೆ. ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ ಬಳಗದಲ್ಲಿದ್ದ ಆಟೋ ರ್‍ಯಾಂಕ್ 1924ರಲ್ಲಿ, ಎಲ್ಲ ಆತಂಕದ ಬೇರು ತಾಯಿಂದ ಬೇರಾದ ಆ ಹುಟ್ಟಿನಲ್ಲೇ ಇದೆ ಎಂದು ವಾದಿಸಿದ. ಅಷ್ಟು ದೂರ ನಾನು ಹೋಗಲ್ಲ. ಆದರೆ ಒಳಗಿನ ಮಗುವಿಗೆ ಹೊರಗಿನದು ಏನೂ ತಟ್ಟಲ್ಲ ಅನ್ನೋದೂ ಸುಳ್ಳು. ಆರನೇ ತಿಂಗಳ ಹೊತ್ತಿಗೆ ಅದಕ್ಕೆ ಶಬ್ದ ಕೇಳಿಸಲು ಶುರುವಾಗುತ್ತದೆ. ಆಗಷ್ಟೇ ಹುಟ್ಟಿದ ಕೂಸುಗಳು ಬೇರೆ ಹೆಂಗಸಿನ ದನಿಗಿಂತ ಅಮ್ಮನ ದನಿಯನ್ನೇ ಬಯಸುತ್ತವೆ ಎಂದು 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಸಂಶೋಧಕರು ತೋರಿಸಿದರು. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹಿಮಮಳೆ ಬಿದ್ದು ಕರೆಂಟಿಲ್ಲದೆ ಒದ್ದಾಡಿದ ಬಸುರಿಯರ ಮಕ್ಕಳನ್ನು ಅಲ್ಲಿನ ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. ಅಮ್ಮನ ಕಷ್ಟ ಜಾಸ್ತಿ ಇದ್ದಲ್ಲಿ ಮಕ್ಕಳ ಮಾತು ಕಲಿಕೆ ಸರಾಸರಿಯಲ್ಲಿ ಸ್ವಲ್ಪ ಹಿಂದಿತ್ತು. ಸರಾಸರಿ ಅಷ್ಟೇ. ನನ್ನೆದುರು ಕೂತ ಒಬ್ಬರ ಹಣೆಬರಹ ಅದರಿಂದ ಗೊತ್ತಾಗಲ್ಲ.

ಒಬ್ಬ ಮಹಿಳೆಯ ವಿಷಯ ಹೇಳುತ್ತೇನೆ. ಅವರ ಒಪ್ಪಿಗೆ ಇದೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಕುರ್ಚಿಯ ತುದಿಯಲ್ಲಿ, ಬ್ಯಾಗನ್ನು ತೊಡೆ ಮೇಲೆ ಅವುಚಿಕೊಂಡು ಕೂರುತ್ತಿದ್ದರು. ಸಮಯ ಇನ್ನೂ ಇರುವಾಗಲೇ "ಹೊರಗೆ ಬೇರೆಯವರು ಕಾಯ್ತಿರಬೇಕು ಅಲ್ವಾ?" ಅಂತ ಮಾತು ಮುಗಿಸಿಬಿಡುತ್ತಿದ್ದರು. ಅವರ ಜೊತೆ ಇರುವಾಗ ನನ್ನ ದನಿ ತಾನಾಗಿಯೇ ತಗ್ಗುತ್ತಿತ್ತು, ಸಾವಿನ ಮನೆಯಲ್ಲಿ ಮಾತಾಡುವ ಹಾಗೆ. ನನ್ನಲ್ಲಿ ಇಂಥದ್ದು ಏನಾದರೂ ಆದರೆ ನಾನು ಅದನ್ನು ಬರೆದಿಟ್ಟುಕೊಳ್ಳುತ್ತೇನೆ. ಕೇಸ್ ಹಿಸ್ಟರಿಯಲ್ಲಿ ಸಿಗದ ಸಂಗತಿ ಎಷ್ಟೋ ಸಲ ಅಲ್ಲೇ ಸಿಗುತ್ತದೆ.

ಅವರು ದೊಡ್ಡಮ್ಮನನ್ನು ಕೇಳಿಕೊಂಡು ಬಂದರು. ಇವರು ಹೊಟ್ಟೆಯಲ್ಲಿದ್ದಾಗಲೇ ಅಣ್ಣ ಜ್ವರದಿಂದ ತೀರಿಹೋಗಿದ್ದ. ಸೀಮಂತ ಮಾಡಲಿಲ್ಲ. ಬಸುರಿಯ ಬಯಕೆ ಏನು ಅಂತ ಯಾರೂ ಕೇಳಲಿಲ್ಲ. ಇದನ್ನೆಲ್ಲ ಹೇಳಿ ಸ್ವಲ್ಪ ಹೊತ್ತು ಸುಮ್ನಿದ್ದು, "ನಾನು ಬರೋ ಹೊತ್ತಿಗೆ ಎಲ್ಲರೂ ಬೇರೆ ಯಾರಿಗೋ ಕಾಯ್ತಿದ್ರು" ಅಂದರು.

ಅದೇ ಕಾರಣ ಅಂತ ನಾನು ಹೇಳಲಿಲ್ಲ. ಅಮ್ಮನ ದುಃಖ ಹೆರಿಗೆಯ ದಿನಕ್ಕೆ ಮುಗಿಯಲಿಲ್ಲವಲ್ಲ. ಎತ್ತಿಕೊಂಡ ಕೈಗಳಲ್ಲೂ ಅದೇ ದುಃಖ ಇತ್ತು. ಬಸುರಿನಲ್ಲಿ ಎಷ್ಟು, ತೊಟ್ಟಿಲಲ್ಲಿ ಎಷ್ಟು ಅಂತ ಬಿಡಿಸೋಕೆ ಆಗಲ್ಲ. ಬಿಡಿಸಬೇಕಾಗಿಯೂ ಇಲ್ಲ. ನನಗೆ ಬೇಕಿದ್ದದ್ದು ಈ ಕೋಣೆಯಲ್ಲಿ ಏನು ಮಾಡಬೇಕು ಅನ್ನೋದು. "ಸಮಯ ನೋಡಿಕೊಳ್ಳೋದು ನನ್ನ ಕೆಲಸ, ಕೊನೇ ನಿಮಿಷದವರೆಗೂ ಇದು ನಿಮ್ಮದೇ" ಅಂತ ಪ್ರತಿ ಸಲ ಶುರುವಿನಲ್ಲೇ ಹೇಳಿದೆ. ನಾನು ರಜೆ ಹೋಗುವುದಿದ್ದರೆ ವಾರಗಳ ಮೊದಲೇ ತಿಳಿಸಿ, ಅದರಿಂದ ಏನನಿಸುತ್ತೆ ಅಂತ ಕೇಳಿದೆ. ಇದಕ್ಕೆ ತಿಂಗಳುಗಳು ಹಿಡಿದವು. ಮುಂದೊಂದು ದಿನ "ಹೋದ ವಾರ ನೀವು ನನ್ನ ಮಾತು ಸರಿಯಾಗಿ ಕೇಳಲೇ ಇಲ್ಲ" ಅಂತ ಸಿಟ್ಟಾದರು. ನನಗೆ ನಿಜಕ್ಕೂ ಖುಷಿಯಾಯಿತು. ಬ್ಯಾಗ್ ನೆಲದ ಮೇಲಿತ್ತು.

ಆಮೇಲೆ ಅವರ ಅಮ್ಮನೂ ಒಮ್ಮೆ ಬಂದರು. "ನನ್ನ ಅಳು ಇವಳಿಗೆ ಅಂಟಿಬಿಡ್ತಾ?" ಅಂತ ಕೇಳಿದರು. ಮಗನನ್ನು ಕಳೆದುಕೊಂಡ ತಾಯಿ ಅತ್ತದ್ದು ತಪ್ಪಲ್ಲ, ಜೊತೆಗೆ ಕೂರಲು ಆಗ ಯಾರೂ ಇರಲಿಲ್ಲ ಅನ್ನೋದೇ ತಪ್ಪು ಅಂದೆ. ಈ ಪ್ರಶ್ನೆ ಕೇಳುವಾಗ ನನಗಿರುವ ದೊಡ್ಡ ಭಯ ಇದೇ: ಎಲ್ಲವನ್ನೂ ತಾಯಿಯ ತಲೆಗೆ ಕಟ್ಟುವುದು. ಬಸುರಿ ಅತ್ತರೆ "ಅಳಬೇಡ, ಮಗೂಗೆ ಆಗಲ್ಲ" ಅನ್ನುತ್ತೇವೆ. ದುಃಖದ ಮೇಲೆ ಹೆದರಿಕೆಯನ್ನೂ ಹೇರಿದ ಹಾಗಾಗುತ್ತದೆ. ಅದರ ಬದಲು ನಿದ್ದೆ ಬರ್ತಿದೆಯಾ, ಊಟ ಸೇರ್ತಿದೆಯಾ ಅಂತ ಕೇಳಿ. ವಾರಗಟ್ಟಲೆ ಎರಡೂ ಇಲ್ಲದಿದ್ದರೆ ಚೆಕಪ್‌ಗೆ ಹೋದಾಗ ಡಾಕ್ಟರಿಗೆ ಅದನ್ನೂ ಹೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಾಣಂತಿಯನ್ನೂ ಕೂಸನ್ನೂ ಒಟ್ಟಿಗೇ ದಾಖಲು ಮಾಡಿಕೊಂಡು ನೋಡಿಕೊಳ್ಳುವ ವಿಭಾಗ 2009ರಿಂದ ಇದೆ.