ಮಂಡಗದ್ದೆಯಲ್ಲಿ ಹಕ್ಕಿಗಳ ವರ್ತನೆ ದಾಖಲಿಸುವುದು ಹೇಗೆ?

ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಪ್ರಾಜೆಕ್ಟಿಗೆ ದಟ್ಟ ಕಾಡೇ ಬೇಕೆಂದಿಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಹೋದರೆ ಮಂಡಗದ್ದೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ದಡದಲ್ಲೇ ನಿಂತು ನೋಡಬಹುದು. ಅರಣ್ಯ ಇಲಾಖೆಯ ಅನುಮತಿಗೆ ನಿಮ್ಮ ವಿಭಾಗದ ಮೂಲಕ ಮೊದಲೇ ಅರ್ಜಿ ಹಾಕಿ.

ಮೊದಲ ಎರಡು ದಿನ ಏನನ್ನೂ ಎಣಿಸಬೇಡಿ, ಬರೀ ನೋಡಿ. ಕಾವು ಕೂರುವುದು, ಗುಟುಕು ಕೊಡುವುದು, ಗರಿ ತೀಡುವುದು, ಕಡ್ಡಿ ತರುವುದು ಹೀಗೆ ಕಂಡದ್ದನ್ನು ಪಟ್ಟಿ ಮಾಡಿ. ‘ಬೆಳ್ಳಕ್ಕಿಗೆ ಸಿಟ್ಟು ಬಂತು’ ಎಂದು ಬರೆದರೆ ಅದು ನಿಮ್ಮ ಊಹೆ. ‘ಕತ್ತು ಚಾಚಿ, ಗರಿ ನಿಮಿರಿಸಿ, ಪಕ್ಕದ ಗೂಡಿನ ಹಕ್ಕಿಯನ್ನು ಕುಕ್ಕಿತು’ ಎಂದರೆ ಇನ್ನೊಬ್ಬರೂ ಅದನ್ನೇ ಗುರುತಿಸಬಲ್ಲರು.

ಆಮೇಲೆ ಚೆನ್ನಾಗಿ ಕಾಣುವ 20 ಗೂಡುಗಳಿಗೆ ನಂಬರ್ ಕೊಟ್ಟು ಮರದ ನಕ್ಷೆ ಬರೆದುಕೊಳ್ಳಿ. 8×42 ಬೈನಾಕ್ಯುಲರ್ (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು) ಸಾಕು. 10 ನಿಮಿಷಕ್ಕೊಮ್ಮೆ ಎಡದಿಂದ ಬಲಕ್ಕೆ ಒಂದೊಂದೇ ಗೂಡು ನೋಡಿ, ಕಣ್ಣು ಬಿದ್ದ ಕ್ಷಣದ ವರ್ತನೆಯನ್ನಷ್ಟೇ ಗುರುತು ಹಾಕಿ. ಹೆಚ್ಚಿನವರು ಎಡವುವುದು ಇಲ್ಲೇ: ರೆಕ್ಕೆ ಬಡಿಯುವ ಹಕ್ಕಿ ಕಣ್ಣು ಸೆಳೆಯುತ್ತದೆ, ಸುಮ್ಮನೆ ಕಾವು ಕೂತದ್ದು ತಪ್ಪಿಹೋಗುತ್ತದೆ. ಎಲೆ ಮರೆಯಾದರೆ ‘ಕಾಣಲಿಲ್ಲ’ ಎಂದೇ ಬರೆಯಿರಿ, ಖಾಲಿ ಬಿಡಬೇಡಿ. ಮಲೆನಾಡಿನ ಮಳೆಯಲ್ಲಿ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಇರಲಿ.

ಮೂರು ಗಂಟೆಗೆ 18 ಸುತ್ತು, ಒಟ್ಟು 360 ದಾಖಲೆ. ಆದರೂ ಅವೇ ಗೂಡುಗಳನ್ನು ಮತ್ತೆ ಮತ್ತೆ ನೋಡಿದ್ದರಿಂದ ನಿಮ್ಮ ಮಾದರಿ (ಸ್ಯಾಂಪಲ್) 20 ಗೂಡು ಮಾತ್ರ, 360 ಅಲ್ಲ. ಒಂದೊಂದು ವರ್ತನೆ ಶೇಕಡಾ ಎಷ್ಟು ಸಲ ಕಂಡಿತೆಂದು ಗೂಡಿಗೊಂದು ಲೆಕ್ಕ ತೆಗೆದ ಮೇಲೆಯೇ ಹೋಲಿಕೆ ಮಾಡಿ.